ರೊಪ್ಪಕ್ಕೆ ಬಂದ ಕಾರುಗಳು

ನಮ್ಮ ಮನೆಗೆ ಕಾರು ಬರುತ್ತಿದ್ದದ್ದು ಬೀದಿ ಬಾಗಿಲಿನಿಂದಲ್ಲ, ಕುರಿ ಕೂಡುವ ರೊಪ್ಪದ ಕಡೆಯಿಂದ. ಕಾರು ಅಂದರೆ ಅಂಗೈಯಲ್ಲಿ ಹಿಡಿಸುವ ಲೋಹದ ಪುಟ್ಟ ಕಾರು. ಅಪ್ಪ ಅದನ್ನು ಮುಳ್ಳುಬೇಲಿಯ ತಟ್ಟಿ ಸರಿಸಿ ಒಳಗೆ ತಂದು, ಕುರಿಗಳ ನಡುವೆ ನೆಲಕ್ಕಿಡಬೇಕು. ಅಜ್ಜಿ ನೀರು ನಿವಾಳಿಸಿ, ಅದರ ಬೆನ್ನ ಮೇಲೆ ಜಾಜಿನ, ಅಂದರೆ ಕೆಮ್ಮಣ್ಣಿನ, ಬೊಟ್ಟು ಇಡಬೇಕು. ಆಮೇಲೆಯೇ ಅದು ನನ್ನ ಕೈಗೆ. ಈಗ ಕೊರಟಗೆರೆಯ ನನ್ನ ಮನೆಯಲ್ಲಿ ಗಾಜಿನ ಬೀರುವಿನ ತುಂಬ ಕಾರುಗಳಿವೆ. ಮೇಲಿನ ಸಾಲಿನವುಗಳ ಬೆನ್ನ ಮೇಲೆ ಆ ಬೊಟ್ಟು ಹಾಗೇ ಉಳಿದಿದೆ. ಇವುಗಳಿಗೆ ಡೈಕಾಸ್ಟ್ ಎಂಬ ಹೆಸರಿದೆ ಅಂತ ನನಗೆ ಗೊತ್ತಾಗುವ ಹೊತ್ತಿಗೆ ತಲೆ ಅರ್ಧ ನರೆತಿತ್ತು. ನನ್ನಂತೆಯೇ ಕಾರು ಕೂಡಿಸುವ ಹುಚ್ಚಿರುವವರು ಆಗಾಗ ಮನೆಗೆ ಬರುತ್ತಾರೆ. ಬಂದವರು ಮೊದಲು ಆ ಬೊಟ್ಟು ನೋಡಿ ಲೊಚಗುಟ್ಟುತ್ತಾರೆ. "ಬಣ್ಣ ಹೋಯ್ತಲ್ಲ ಮೇಡಂ, ಡಬ್ಬಿಯೂ ಇಲ್ಲ. ಇವಕ್ಕೆ ಬೆಲೆ ಬರೋದಿಲ್ಲ" ಅನ್ನುತ್ತಾರೆ. ನಾನು ಕಾಫಿ ಕೊಡುತ್ತೇನೆ. ಬೆಲೆ ಬರಲಿ ಅಂತ ಅಜ್ಜಿ ಬೊಟ್ಟಿಟ್ಟಿರಲಿಲ್ಲ. ಬೇರೆಯವರ ಮಂದೆಯಲ್ಲಿ ಬೆರೆತರೆ ನಮ್ಮದು ಅಂತ ಗುರುತು ಸಿಗಲಿ ಅಂತ ಇಟ್ಟಿದ್ದಳು.

ಮಿಡಿಗೇಶಿ ಬೆಟ್ಟ ಬೆನ್ನು ತೋರಿಸುವ ಕಡೆಗೆ ನಮ್ಮೂರು. ತಲೆತಲಾಂತರದಿಂದ ಕುರಿ ಸಾಕಿದ ಮನೆ. ಒಂದೇ ಉದ್ದ ಸೂರಿನಡಿ ಮೂರು ಭಾಗ: ಬಾಗಿಲ ಬಳಿಯದು ನಮಗೆ, ನಡುವಿನದು ಎಳೆಮರಿಗಳಿಗೆ, ಹಿಂದಿನದು ಒಲೆಗೆ. ಚಳಿಯಲ್ಲಿ ಬೆಚ್ಚಗಿರುವ ಜಾಗ ಮರಿಗಳಿಗೆ ಕೊಟ್ಟಿದ್ದಾರೆ ಅನ್ನುವುದು ಅವ್ವನ ಹಳೆಯ ದೂರು. ಅದು ನಿಜವೂ ಹೌದು. ಸಂಜೆ ದೊಡ್ಡ ಕುರಿಗಳು ಮೇದು ಬಂದಾಗ ಒಂದೊಂದು ಮರಿಯನ್ನೂ ಅದರದರ ತಾಯಿಯ ಹತ್ತಿರ ಬಿಡುವುದು ನನ್ನ ಕೆಲಸ. ಕತ್ತಲಾದರೂ ಯಾವ ಮರಿ ಯಾರದು ಅಂತ ಮೈ ಮುಟ್ಟಿ ಹೇಳುತ್ತಿದ್ದೆ. ಆಮೇಲೆ ಎಲ್ಲರೂ ಒಲೆಯ ಮುಂದೆ ಕೂತು ಮುದ್ದೆ, ಹುರುಳಿ ಸಾರು ಉಣ್ಣುತ್ತಿದ್ದೆವು. ಅವ್ವ ಹುಚ್ಚೆಳ್ಳು ಚಟ್ನಿ ಮಾಡಿದ ದಿನ ಅಪ್ಪ ಇನ್ನೊಂದು ಮುದ್ದೆ ಕೇಳುತ್ತಿದ್ದ. ಹಬ್ಬಕ್ಕೆ ಒಂದೇ ತಾನಿನ ಬಟ್ಟೆ ತಂದು ಮನೆಯವರಿಗೆಲ್ಲ ಹೊಲಿಸುತ್ತಿದ್ದರು. ಅಜ್ಜಿ, ಅವ್ವ, ನಾನು ಸಾಲಾಗಿ ನಿಂತರೆ ಒಂದೇ ಪರದೆ ಹರಿದು ಹಂಚಿದ ಹಾಗೆ ಕಾಣುತ್ತಿದ್ದೆವು. ಏನು ಉಣ್ಣಬೇಕು, ಏನು ಉಡಬೇಕು, ಎಲ್ಲಿ ಮಲಗಬೇಕು, ಎಲ್ಲವನ್ನೂ ಬೇರೆಯವರೇ ಆರಿಸುತ್ತಿದ್ದ ಆ ಮನೆಯಲ್ಲಿ ಇದು ನಾನೇ ಆರಿಸಿದ್ದು ಅಂತ ಹೇಳಿಕೊಳ್ಳಲು ನನಗಿದ್ದದ್ದು ಕಾರು ಮಾತ್ರ.

ಅದು ಬಂದದ್ದು ಅಜ್ಜಿಯ ಒಂದು ಕಟ್ಟಳೆಯಿಂದ. ಟಗರುಮರಿಗಳನ್ನು ಬೆಳೆಸಿ ಸಿರಾದ ಮಂಗಳವಾರದ ಸಂತೆಯಲ್ಲಿ ಮಾರುವುದು ನಮ್ಮ ಜೀವನ. ಮಾರಿದ ದಿನ ಎರಡು ಮಾತು ಮೀರುವಂತಿರಲಿಲ್ಲ. ಕೊಂಡವರಿಗೆ ಕುರಿ ಕೊಡಬಹುದು, ಕಟ್ಟಿದ ಹಗ್ಗ ಕೊಡಬಾರದು. ಹಗ್ಗ ಮನೆಗೆ ಬಂದು ಗೂಟಕ್ಕೆ ಸೇರಬೇಕು. ಹಾಗೆಯೇ ರೊಪ್ಪದಿಂದ ಒಂದು ತಲೆ, ಅಂದರೆ ಒಂದು ಕುರಿ, ಹೊರಗೆ ಹೋದ ದಿನ ನಾಲ್ಕು ಕಾಲಿನದು ಏನಾದರೂ ಒಳಗೆ ಬರಬೇಕು, ಬರಿಗೈಯಲ್ಲಿ ತಟ್ಟಿ ದಾಟಬಾರದು. ಒಂದು ಸಲ ಅಪ್ಪನಿಗೆ ಸಂತೆಯಲ್ಲಿ ಮನಸ್ಸಿಗೆ ಒಪ್ಪುವ ಒಂದು ಮರಿಯೂ ಸಿಗಲಿಲ್ಲ. ಹೊತ್ತು ಮುಳುಗುವ ಮುಂಚೆ ಬಂದು ರೊಪ್ಪದ ಮುಂದೆ ನಿಂತು, ಜೇಬಿನಿಂದ ಒಂದು ಹಳದಿ ಕಾರು ತೆಗೆದ.

"ಎಲ್ಲಾ ಮರೀನೂ ಮೂಗು ಸೋರ್ಸ್ಕಂಡು ನಿಂತಿದ್ವು ಕಣವ್ವ. ಇದ್ಕೆ ನಾಕು ಕಾಲೈತೆ ನೋಡು" ಅಂದ.

ಅವನು ಅಂದದ್ದು ಅರ್ಧ ತಮಾಷೆಗೆ. ಅಜ್ಜಿಗೆ ತಮಾಷೆ ತಿಳಿಯುತ್ತಿರಲಿಲ್ಲ ಅಂತಲ್ಲ, ರೊಪ್ಪದ ವಿಷಯದಲ್ಲಿ ತಮಾಷೆ ಇರಲಿಲ್ಲ. ಕಾರನ್ನು ಇಸಕೊಂಡು ನೆಲದ ಮೇಲಿಟ್ಟು ಬೆರಳಿನಿಂದ ತಳ್ಳಿದಳು. ಅದು ಸರಾಗವಾಗಿ ಓಡಿ ಒಂದು ಕುರಿಯ ಕಾಲಿಗೆ ತಾಗಿ ನಿಂತಿತು. ಅಜ್ಜಿ ಒಳಗೆ ಹೋಗಿ ನೀರು, ಜಾಜಿನ ಬಟ್ಟಲು ತಂದಳು. ಬೊಟ್ಟಿಡುವ ಮುಂಚೆ ಮಗನ ಮುಖ ನೋಡಿದಳು.

"ಹೆಣ್ಣೋ ಗಂಡೋ?"

ಅಪ್ಪ ತಲೆ ಕೆರೆದುಕೊಂಡ. ಒಲೆಯ ಹತ್ತಿರ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದದ್ದು ನನಗೆ ಕಾಣುತ್ತಿತ್ತು. "ಹೆಣ್ಣೇ ಅಜ್ಜಿ" ಅಂತ ನಾನು ಕೂಗಿದೆ. ನಾನು ಹಾಗಂದಿದ್ದರಿಂದಲೋ ಏನೋ, ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಆವತ್ತೇ ಒಂದು ಮರಿ ಅದರ ಹಿಂದಿನ ರಬ್ಬರ್ ಚಕ್ರವನ್ನು ಜಗಿದು ಹಾಕಿತು. ಆ ಹಲ್ಲಿನ ಗುರುತು ಈಗಲೂ ಇದೆ.

ಮುಂದಿನ ಸಲದಿಂದ ಅಪ್ಪ ನನ್ನನ್ನೂ ಸಂತೆಗೆ ಕರೆದೊಯ್ದ. ಮರಿ ಸಿಕ್ಕರೆ ಮರಿ, ಸಿಗದಿದ್ದರೆ ಕಾರು, ಕಾರು ಆದರೆ ನೀನು ಆರಿಸು ಅಂತ ನಮ್ಮಿಬ್ಬರ ಒಪ್ಪಂದ. ಮರಿ ಸಿಗದಿರಲಿ ಅಂತ ನಾನು ಬಸ್ಸಿನಲ್ಲಿ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದೆ. ಹೊರಡುವ ದಿನ ಅಜ್ಜಿ ಮುದ್ದೆ ಕಟ್ಟುತ್ತಲೇ ಪಾಠ ಹೇಳುತ್ತಿದ್ದಳು.

"ಮೊದ್ಲು ಕಾಲು ನೋಡ್ಬೇಕು ಕಣೇ ಈರಿ. ಮಕ ನೋಡಿ ಮಳ್ಳಾಗ್ಬ್ಯಾಡ. ನಾಕೂ ಕಾಲು ನೆಲಕ್ಕೆ ಸಮ ಊರ್ಬೇಕು. ಆಮ್ಯಾಕೆ ತಿರುಗಿಸಿ ಹೊಟ್ಟೆ ನೋಡು. ಮಾರೋನು ತಾನಾಗಿ ಮುಂದಕ್ಕೆ ತಳ್ಳಿದ್ದು ತರ್ಬ್ಯಾಡ. ಕೀಲು ಸಡ್ಲ ಇರೋದಂತೂ ಬ್ಯಾಡ್ವೇ ಬ್ಯಾಡ."

ಸಂತೆಮೈದಾನದ ಎದುರಿಗೆ ಜಬ್ಬಾರ್ ಸಾಬರ ಫ್ಯಾನ್ಸಿ ಅಂಗಡಿ. ಬಳೆ, ಟೇಪು, ಪೌಡರು, ಅದರ ಕೆಳಗಿನ ಗಾಜಿನ ಖಾನೆಯಲ್ಲಿ ಕಾರುಗಳು. ನಾನು ಒಂದೊಂದನ್ನೂ ಗಾಜಿನ ಮೇಲಿಟ್ಟು ಮೆಲ್ಲಗೆ ತಳ್ಳುತ್ತಿದ್ದೆ. ಎಡಕ್ಕೋ ಬಲಕ್ಕೋ ಎಳೆದರೆ ಕುಂಟು, ಬೇಡ. ಮುಂದಿನ ಜಾಲರಿ ಬೆರಳಿನಿಂದ ಸವರಿ ಹಲ್ಲು ನೋಡುತ್ತಿದ್ದೆ. ಕಣ್ಣಿನ ಮಟ್ಟಕ್ಕೆ ಹಿಡಿದು ಬೆನ್ನು ನೆಟ್ಟಗಿದೆಯೇ ಅಂತ ನೋಡುತ್ತಿದ್ದೆ. ಸಾಬರು ತಮ್ಮ ಗಡ್ಡ ಸವರಿಕೊಂಡು ಕಾಯುತ್ತಿದ್ದರು. ಅವರಷ್ಟು ತಾಳ್ಮೆಯ ವ್ಯಾಪಾರಿಯನ್ನು ಆಮೇಲೆ ನಾನು ಕಂಡಿಲ್ಲ.

"ಕುರಿ ತಗೊಳ್ಳೋರ ಹುಡುಗೀನಾ? ಗೊತ್ತಾಗ್ತದೆ" ಅಂತ ಅಪ್ಪನ ಕಡೆ ನೋಡಿ ನಗುತ್ತಿದ್ದರು. "ಬಾ ಬೇಟಿ, ಈ ನೀಲಿ ಗಾಡಿ ನೋಡು. ಅಚ್ಚಾ ಮಾಲ್. ಎರಡೂ ಕಡೆ ಬಾಗಿಲು ತೆಗೀತದೆ."

ಆ ನೀಲಿ ಕಾರು! ಉದ್ದ ಮೂತಿ, ಒಳಗೆ ಕೆಂಪು ಸೀಟು. ಉಗುರು ಸಿಕ್ಕಿಸಿ ಎಳೆದರೆ ಟಿಕ್ ಅಂತ ಬಾಗಿಲು ತೆರೆಯುತ್ತಿತ್ತು. ಅಪ್ಪ ಕರೆಯುವವರೆಗೂ ಅದನ್ನು ತೆರೆದು ಮುಚ್ಚುತ್ತಲೇ ಇರುತ್ತಿದ್ದೆ. ಆದರೆ ಅದರಲ್ಲಿ ಅಜ್ಜಿ ಬೇಡ ಅಂದ ಎರಡೂ ಇದ್ದವು: ಕೀಲು ಸಡಿಲ, ಅಲ್ಲದೆ ಮಾರುವವರು ತಾವಾಗಿ ಮುಂದಕ್ಕೆ ತಳ್ಳಿದ್ದು. ಪ್ರತಿ ಸಲವೂ ಅದನ್ನು ಖಾನೆಗೆ ವಾಪಸು ಇಟ್ಟು ಗಟ್ಟಿಮುಟ್ಟಾದ ಜೀಪನ್ನೋ ವ್ಯಾನನ್ನೋ ತರುತ್ತಿದ್ದೆ. ಅಜ್ಜಿ ಮೆಚ್ಚುತ್ತಿದ್ದಳು. ನನ್ನ ಕಣ್ಣು ಮಾತ್ರ ಸಿರಾದಲ್ಲೇ ಉಳಿದಿರುತ್ತಿತ್ತು. ಈಗ ಫೋನಿನಲ್ಲಿ ಕಾರು ಕೊಳ್ಳುವಾಗಲೂ ನಾನು ಅಜ್ಜಿಯ ಮೊಮ್ಮಗಳೇ. "ಹೊಟ್ಟೆಯ ಫೋಟೊ ಕಳಿಸಿ" ಅಂತ ಬರೆಯುತ್ತೇನೆ. ಮಾರುವವರು ಈ ಹೆಂಗಸಿಗೆ ಏನೋ ಆಗಿದೆ ಅಂದುಕೊಳ್ಳುತ್ತಿರಬೇಕು.

ನಾನು ಏಳನೇ ತರಗತಿ ಮುಗಿಸಿದ ವರ್ಷ ಮನೆಯಲ್ಲಿ ಜಗಳ ಹುಟ್ಟಿತು. ಊರಿನ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು. ಮಧುಗಿರಿಯಲ್ಲಿ ಹೈಸ್ಕೂಲು, ಹೆಣ್ಣುಮಕ್ಕಳ ಹಾಸ್ಟೆಲು ಇತ್ತು. ಅಪ್ಪ ಬೇಸಗೆಯಲ್ಲಿ ಪಾವಗಡದ ಕಡೆ, ನಾಗಲಮಡಿಕೆಯಿಂದಾಚೆಗೆ ಹೊಲಗಳಲ್ಲಿ ಮಂದೆ ನಿಲ್ಲಿಸಲು ಹೋಗುತ್ತಿದ್ದ. ಗೊಬ್ಬರಕ್ಕಾಗಿ ರೈತರು ಕರೆಯುತ್ತಿದ್ದರು. ಯುಗಾದಿಗೆ ಮನೆಗೆ ಬಂದವನು ಊಟಕ್ಕೆ ಕೂತಾಗ ಮಾತು ತೆಗೆದ.

"ಈರೀನ ಮಧುಗಿರಿಗೆ ಹಾಕಾನ ಅಂತಿದೀನಿ ಕಣವ್ವ."

"ಮರಿ ಯಾರು ನೋಡ್ತಾರ್ಲಾ?"

"ನೋಡ್ಕಂಡ್ರಾಯ್ತು ಬುಡು."

ಅಜ್ಜಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು. "ಗಂಡುಮರಿ ಸಂತೆಗೆ ಹೋಗ್ತಾವೆ. ಹೆಣ್ಮರಿ ಆಚೆ ಕಳ್ಸೋ ವಾಡಿಕೆ ನಮ್ಮಲ್ಲಿಲ್ಲ. ಹೆಣ್ಮರಿ ಹೋದ್ರೆ ರೊಪ್ಪ ಹೆಂಗ್ಲಾ ಬೆಳಿತೈತೆ?"

"ಅವ್ಳು ಮರಿ ಅಲ್ಲ ಕಣವ್ವ. ನನ್ ಮಗ್ಳು."

"ನಂಗೆ ಎಲ್ಡೂ ಒಂದೇಯ."

ಅಜ್ಜಿ ಅದನ್ನು ಬೈಗುಳದ ಹಾಗೆ ಹೇಳಲಿಲ್ಲ. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಪ್ರೀತಿಯ ಮಾತು ಇರಲಿಲ್ಲ. ಆಗ ಅವ್ವ ಒಲೆಯ ಮುಂದಿನಿಂದ, ಯಾರ ಮುಖವನ್ನೂ ನೋಡದೆ ಮಾತಾಡಿದಳು. "ನಾನು ಈ ಮನೀಗೆ ಬಂದೋಳು ತಟ್ಟಿ ದಾಟ್ಲಿಲ್ಲ. ನಂದಾಯ್ತು. ಅವ್ಳುದ್ನೂ ಕಟ್ಟಾಕಬ್ಯಾಡ್ರಿ." ಅಷ್ಟು ಹೇಳಿ ಮುದ್ದೆ ಕೋಲನ್ನು ಜೋರಾಗಿ ತಿರುವಿದಳು. ಮುದ್ದೆ ಆಗಲೇ ಇಳಿಸಿಯಾಗಿತ್ತು. ಬರೀ ಪಾತ್ರೆ ಕಟಕಟ ಅಂತು. ಹಬ್ಬ ಮುಗಿಸಿ ಅಪ್ಪ ಮಂದೆಯ ಹತ್ತಿರ ವಾಪಸು ಹೋದ. ವಿಷಯ ಹಾಗೇ ನೆಲದ ಮೇಲೆ ಬಿದ್ದಿತ್ತು. ನನಗೆ ಮರಿಗಳ ಮೇಲೆ ಸಿಟ್ಟು ಬರತೊಡಗಿತು. ಮರುಗಳಿಗೆಯಲ್ಲೇ ಅವು ಬಂದು ಕೈ ನೆಕ್ಕಿದರೆ ಅಳು ಬರುತ್ತಿತ್ತು.

ಮನೆಯಲ್ಲಿ ಉಳಿಸಿಕೊಂಡಿದ್ದ ಎರಡು ಟಗರುಗಳನ್ನು ಆ ಬೇಸಗೆಯಲ್ಲೇ ಮಾರಬೇಕಾಯಿತು. ಅಪ್ಪ ಇರಲಿಲ್ಲ, ಅಜ್ಜಿಯೇ ಹೊರಟಳು. ಜೊತೆಗೆ ನಾನು. ಸಂತೆಯಲ್ಲಿ ಅಜ್ಜಿಯನ್ನು ನೋಡಬೇಕಿತ್ತು! ದಲ್ಲಾಳಿಯ ಜೊತೆ, ಬೆಲೆ ಬೇರೆಯವರಿಗೆ ತಿಳಿಯದ ಹಾಗೆ, ಟವೆಲಿನಡಿ ಕೈಬೆರಳು ಹಿಡಿದು ವ್ಯಾಪಾರ ಮಾಡುವಾಗ ಸುತ್ತ ನಿಂತ ಗಂಡಸರು ದಾರಿ ಬಿಟ್ಟು ನೋಡಿದರು. ಟಗರು ಕೊಟ್ಟಳು, ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಒಂದು ಸುತ್ತು ಮರಿಗಳನ್ನು ನೋಡಿದಳು, ಒಂದೂ ಹಿಡಿಸಲಿಲ್ಲ. "ನಡಿ, ಅದೆಲ್ಲೈತೆ ನಿನ್ನಂಗ್ಡಿ" ಅಂದಳು.

ಅಷ್ಟು ವರ್ಷ ಕಾರುಗಳನ್ನು ರೊಪ್ಪಕ್ಕೆ ಬರಮಾಡಿಕೊಂಡವಳು ಅಂಗಡಿಯನ್ನು ನೋಡಿದ್ದು ಅದೇ ಮೊದಲು. ಸಾಬರು ಎದ್ದು ಸ್ಟೂಲು ಹಾಕಿದರು. ಅಜ್ಜಿ ಕೂರಲಿಲ್ಲ. ಒಂದು ಹಸಿರು ಜೀಪು ತೆಗೆಸಿ, ಗಾಜಿನ ಮೇಲೆ ಓಡಿಸಿ, ತಿರುಗಿಸಿ ಹೊಟ್ಟೆ ಸವರಿದಳು. ಬೆರಳು ಒಂದು ಕಡೆ ನಿಂತಿತು.

"ಇಲ್ಲೇನೋ ಕೊರ್ದೈತಲ್ಲೇ. ಏನದು?"

ಅಷ್ಟು ದಿನ ಹೊಟ್ಟೆ ಒಡೆದಿದೆಯೇ ಅಂತ ಮಾತ್ರ ನೋಡುತ್ತಿದ್ದ ನಾನು ಮೊದಲ ಸಲ ಅದನ್ನು ಬೆಳಕಿಗೆ ಹಿಡಿದು ಓದಿದೆ. "ಒಂದು. ಆಮೇಲೆ ಎರಡು ಚುಕ್ಕಿ. ಆಮೇಲೆ ನಲವತ್ತಮೂರು."

"ಅಂದ್ರೆ?"

"ಗೊತ್ತಿಲ್ಲಜ್ಜಿ."

ಅಜ್ಜಿ ಸಾಬರ ಕಡೆ ತಿರುಗಿದಳು. "ಕಂಪನಿ ನಂಬರು ಅಮ್ಮಾ. ಎಲ್ಲಾ ಗಾಡಿಗೂ ಇರ್ತದೆ" ಅಂದರು ಅವರು.

ಅಜ್ಜಿ ಒಪ್ಪಲಿಲ್ಲ. ಖಾನೆಯಲ್ಲಿದ್ದ ಕಾರುಗಳನ್ನು ಒಂದೊಂದಾಗಿ ತೆಗೆಸಿ ಹೊಟ್ಟೆ ಮೇಲೆ ಮಾಡಿ ಇಡಿಸಿದಳು, ನನ್ನಿಂದ ಓದಿಸಿದಳು. ಈ ಅಳತೆಯವಕ್ಕೆಲ್ಲ ನಲವತ್ತಮೂರು. ಇನ್ನೂ ಚಿಕ್ಕವಕ್ಕೆ ಅರವತ್ತನಾಲ್ಕು. "ನಂಬ್ರು ಅಂದ್ರೆ ಒಂದೊಂದ್ಕೆ ಒಂದೊಂದು ಇರ್ಬೇಕಲ್ಲ ಸಾಬ್ರೇ. ಇದು ಬ್ಯಾರೆ ಏನೋ ಐತೆ" ಅಂದಳು. ಸಾಬರು ಟೋಪಿ ಸರಿಮಾಡಿಕೊಂಡು, "ಹೌದಲ್ಲ" ಅಂದು ತಾವೂ ಒಂದನ್ನು ಎತ್ತಿ ನೋಡಿದರು. ಅಂಗಡಿಯ ಗಾಜಿನ ಮೇಲೆ ಕಾರುಗಳೆಲ್ಲ ಕಾಲು ಮೇಲೆತ್ತಿ ಮಲಗಿದ್ದವು. ಅಜ್ಜಿ ಅವನ್ನೇ ನೋಡುತ್ತ ನಿಂತಳು. ಅವಳ ಮುಖ ಸಪ್ಪಗಾಯಿತು.

"ಹೊಟ್ಟೆ ನೋಡ್ದಲೆ ಒಂದು ಕುರಿ ತಂದೋಳಲ್ಲ ನಾನು. ಇವ್ನೆಲ್ಲ ತಿಳೀದ್ಲೆ ತಂದು ರೊಪ್ಪಕ್ಕೆ ಬುಟ್ಕಂಡಿದೀವಲ್ಲೇ ಈರಿ."

ಆವತ್ತು ಅಜ್ಜಿ ಏನನ್ನೂ ಕೊಳ್ಳಲಿಲ್ಲ. ಬಸ್ಸು ಹತ್ತಿದೆವು. ಮಧುಗಿರಿ ಹತ್ತಿರ ಬಂದಾಗ ಕೇಳಿದಳು, "ಅದು ಯಾರ್ಗೆ ಗೊತ್ತಿರ್ತೈತೆ?"

"ಹೈಸ್ಕೂಲಲ್ಲಿ ಹೇಳ್ಕೊಡ್ತಾರೆ" ಅಂದೆ. ಹೇಳಿಕೊಡುತ್ತಾರೋ ಇಲ್ಲವೋ ನನಗೇನು ಗೊತ್ತು? ಬಾಯಿಗೆ ಬಂತು, ಅಂದೆ. ಅಜ್ಜಿ ಕಿಟಕಿಯಾಚೆ ನೋಡುತ್ತ ಕೂತಳು. ಮನೆಗೆ ಬಂದಾಗ ರೊಪ್ಪದ ತಟ್ಟಿಯ ಮುಂದೆ ನಿಂತುಬಿಟ್ಟಳು. ಹೆಗಲ ಮೇಲೆ ಹಗ್ಗ ಇತ್ತು, ಕೈ ಖಾಲಿ. ಅವ್ವ ಗಾಬರಿಯಿಂದ ಓಡಿಬಂದಳು. "ಒಂದು ತಲೆ ಬಾಕಿ ಐತೆ. ಆಮ್ಯಾಕೆ ತಂದಾಕ್ತೀನಿ" ಅಂತ ಅಜ್ಜಿ ಹೇಳಿದ್ದು ಅವ್ವನಿಗಲ್ಲ, ಕುರಿಗಳಿಗೆ. ಆ ಸಂಜೆ ಮರಿಗಳನ್ನು ಬಿಡಲು ಹೋದರೆ ಅಜ್ಜಿ ಆಗಲೇ ಅಲ್ಲಿ ಕೂತಿದ್ದಳು. ಯಾವ ಮರಿ ಯಾರದು ಅಂತ ನನ್ನಿಂದ ಒಂದೊಂದಾಗಿ ಕೇಳಿ ತಿಳಿದುಕೊಂಡಳು. ನಾನಿಲ್ಲದಾಗ ನೋಡಿಕೊಳ್ಳಬೇಕಲ್ಲ, ಅದಕ್ಕೆ. ಕಳಿಸುತ್ತೇನೆ ಅಂತ ಬಾಯಿಬಿಟ್ಟು ಅವಳು ಎಂದೂ ಹೇಳಲಿಲ್ಲ. ನನಗೆ ಗೊತ್ತಾದದ್ದು ಹೀಗೆ. ಮರಿಗಳ ನಡುವೆ ಕೂತಿದ್ದವಳಿಗೆ ಎದ್ದು ಕುಣಿಯಬೇಕು ಅನ್ನಿಸುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು.

ಶಾಲೆ ಶುರುವಾಗುವ ಹೊತ್ತಿಗೆ ಅಪ್ಪ ಮಂದೆ ಹೊಡೆದುಕೊಂಡು ಮನೆಗೆ ಬಂದಿದ್ದ. ನಾನು ಹೊರಡುವ ಹಿಂದಿನ ಮಂಗಳವಾರ ಅಜ್ಜಿ ಬೆಳಿಗ್ಗೆಯೇ ಎಲ್ಲಿಗೋ ಹೋಗಿ ಸಂಜೆಗೆ ಬಂದಳು. ಎಲ್ಲಿಗೆ ಅಂದರೆ ಹೇಳಲಿಲ್ಲ. ಹೊರಡುವ ಬೆಳಿಗ್ಗೆ ಅವ್ವ ನನಗೆ ಎರಡು ಜಡೆ ಹಾಕಿ ಹೊಸ ಕೆಂಪು ಟೇಪು ಕಟ್ಟಿದಳು. ಅಪ್ಪ ಟ್ರಂಕು ಹೊತ್ತು ಅಂಗಳದಲ್ಲಿ ನಿಂತಿದ್ದ. ಅಜ್ಜಿ ನನ್ನನ್ನು ರೊಪ್ಪದ ಹತ್ತಿರ ಕರೆದಳು. ಒಂದು ಜಡೆಯ ಟೇಪನ್ನು ಬಿಚ್ಚಿ, ಮಾರಿದ ಕುರಿಗಳ ಹಗ್ಗಗಳಿದ್ದ ಗೂಟಕ್ಕೆ ಗಂಟು ಹಾಕಿದಳು.

"ಅಯ್ಯೋ, ಒಂದೇ ಟೇಪಲ್ಲಿ ಹೆಂಗತ್ತೆ ಕಳ್ಸೋದು?" ಅಂದಳು ಅವ್ವ.

"ಹಗ್ಗ ಇಲ್ಲೇ ಇರ್ಬೇಕು" ಅಂದಳು ಅಜ್ಜಿ, ಅಷ್ಟೇ.

ಆಮೇಲೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪೊಟ್ಟಣ ಬಿಚ್ಚಿ ನೆಲದ ಮೇಲಿಟ್ಟಳು. ಸಿರಾದ ನೀಲಿ ಕಾರು! ಅಜ್ಜಿ ಉಗುರು ಸಿಕ್ಕಿಸಿ ಬಾಗಿಲು ತೆಗೆದಳು. ಟಿಕ್.

"ಕೀಲು ಸಡ್ಲ ಇರೋದು ತರ್ಬಾರ್ದು ಅಂತಿದ್ಯಲ್ಲಜ್ಜಿ?"

"ಒಂದು ತಲೆ ಆಚಿಗೋಗ್ತೈತೆ, ಒಂದು ಒಳೀಕೆ ಬರ್ಬೇಕು. ಆಚಿಗೋಗಿದ್ದು ತಿರ್ಗಿ ಬರೋಕೆ ಬಾಗ್ಲು ಬ್ಯಾಡ್ವೇನೇ?" ಅಂದವಳು ಕಾರಿನ ಬೆನ್ನಿಗೆ ಜಾಜಿನ ಬೊಟ್ಟಿಟ್ಟು, ಅದೇ ಬೆರಳನ್ನು ನನ್ನ ಹಣೆಗೆ ಒತ್ತಿದಳು. "ಹೊಟ್ಟೆ ಓದ್ದಲೇ ತಂದೀನಿ. ತಿಳ್ಕಂಬಂದು ಯೋಳೋದು ನಿನ್ ಮ್ಯಾಲೈತೆ."

ಮಧುಗಿರಿಯವರೆಗೆ ನಾನು ಒಂದು ಜಡೆ ಬಿಚ್ಚಿಕೊಂಡೇ ಕೂತಿದ್ದೆ. ಹಣೆ ಮೇಲೆ ಜಾಜು ಒಣಗಿ ಬಿಗಿಯುತ್ತಿತ್ತು. ಬಸ್ಸಿನಲ್ಲಿ ಜನ ನೋಡಿದರು, ನೋಡಲಿ ಅನ್ನಿಸಿತು.

ಹಾಸ್ಟೆಲಿನ ಕಷ್ಟಸುಖ ಇಲ್ಲಿ ಬೇಡ. ಗಣಿತದ ಮೇಡಂ ಒಂದು ದಿನ ಬೋರ್ಡಿನ ಮೇಲೆ ಒಂದು ಸಂಖ್ಯೆ, ಎರಡು ಚುಕ್ಕಿ, ಇನ್ನೊಂದು ಸಂಖ್ಯೆ ಬರೆದಾಗ ನಾನು ಬೆಂಚಿನಿಂದ ಎದ್ದೇಬಿಟ್ಟೆ. ದಸರಾ ರಜಕ್ಕೆ ಮನೆಗೆ ಬಂದವಳು ಚೀಲ ಇಳಿಸುವ ಮುಂಚೆಯೇ ಗೋಡೆಯ ಗೂಡಿನಲ್ಲಿ ಬಿಟ್ಟುಹೋಗಿದ್ದ ನೀಲಿ ಕಾರನ್ನು ತೆಗೆದುಕೊಂಡು ಅಂಗಳಕ್ಕೆ ಓಡಿದೆ. ಹೊಸಿಲಿನ ಹತ್ತಿರ ಕಾರಿಟ್ಟು, ಅದರ ಮೂತಿ ಮುಗಿಯುವಲ್ಲಿ ಕಡ್ಡಿಯಿಂದ ಗೀರಿದೆ. ಅಲ್ಲಿಂದ ಮತ್ತೆ ಇಟ್ಟು ಮತ್ತೆ ಗೀರಿದೆ. ಹೊಟ್ಟೆಯ ಮೇಲೆ ಬರೆದಿದ್ದ ಹಾಗೆ ನಲವತ್ತಮೂರು ಸಲ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಡೆದು ಬಂದಳು. ಕೊನೆಯ ಗೀರು ರೊಪ್ಪದ ತಟ್ಟಿಯ ಹತ್ತಿರ ಬಿತ್ತು.

"ನಿಜವಾದ ಕಾರು ಇಷ್ಟುದ್ದ ಇರ್ತದಜ್ಜಿ. ಅದನ್ನ ನಲವತ್ತಮೂರು ಪಾಲು ಮಾಡಿದ್ರೆ ಒಂದು ಪಾಲು ಇದು. ಅದನ್ನೇ ಹೊಟ್ಟೆ ಮೇಲೆ ಬರೆದಿರೋದು."

ಅಜ್ಜಿ ಹೊಸಿಲಿನ ಕಡೆ ನೋಡಿದಳು, ತಟ್ಟಿಯ ಕಡೆ ನೋಡಿದಳು. ಬಗ್ಗಿ ಕಾರನ್ನು ಎತ್ತಿಕೊಂಡು ಸೆರಗಿನಿಂದ ಮಣ್ಣು ಒರೆಸಿದಳು.

"ಅಂಗಾದ್ರೆ ಇದ್ರುದ್ದು ದೊಡ್ಡುದು ಎಲ್ಲೋ ಐತೆ."

"ಐತಜ್ಜಿ."

ಅಜ್ಜಿ ಗೂಟದಿಂದ ಟೇಪು ಬಿಚ್ಚಿ ತಂದು, ನನ್ನನ್ನು ಮುಂದೆ ಕೂರಿಸಿಕೊಂಡು ಜಡೆಗೆ ಕಟ್ಟಿದಳು. ಕಟ್ಟುತ್ತಲೇ ಹೇಳಿದಳು, "ಸರಿ ಬುಡು. ಇದು ಇಲ್ಲಿರ್ಲಿ. ದೊಡ್ಡುದು ಎಲ್ಲೆಲ್ಲಿಗೋಗ್ಬೇಕೋ ಹೋಗ್ಲಿ."

ಆಮೇಲೆ ಎದ್ದು ಕಾರನ್ನು ಗೂಡಿನಲ್ಲಿಟ್ಟಳು. ಅದರ ಬಾಗಿಲು ಮುಚ್ಚಲಿಲ್ಲ.